ಪಪ್ಪನನ್ನು ಸಂತ ಅಂತ ಹೇಳಲೇಬೇಕಾ?

ಪ್ರಶ್ನೆ: ನಮ್ಮದು ಮಂಗಳೂರಿನ ಕಥೋಲಿಕ ಕುಟುಂಬ. ಪಪ್ಪ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಇದ್ದರು. 1971ರ ಯುದ್ಧದ ಹೊತ್ತಿಗೆ ವಿಕ್ರಾಂತ್ ಹಡಗಿನ ಬಾಯ್ಲರ್ ರೂಮಿನಲ್ಲಿ ಸ್ಟೋಕರ್, ಅಂದರೆ ಉಗಿ ಎಬ್ಬಿಸುವ ಬಾಯ್ಲರ್ ನೋಡಿಕೊಳ್ಳುವ ನಾವಿಕ, ಆಗಿದ್ದರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಬೆಳಗಿನ ಪೂಜೆ ತಪ್ಪಿಸಿದವರಲ್ಲ. ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಆಗದೆ ನಮ್ಮ ಮನೆಯಲ್ಲಿ ಊಟವಿಲ್ಲ. ಕಳೆದ ವರ್ಷ ತೀರಿಕೊಂಡರು. ಮುಂದಿನ ತಿಂಗಳು ಇಗರ್ಜಿಯಲ್ಲಿ ವರ್ಷದ ಪೂಜೆ. ಅಲ್ಲಿ ನಾನು ಮಾತಾಡಬೇಕು ಅಂತ ಎಲ್ಲರ ಒತ್ತಾಯ. ದುಬೈಯಲ್ಲಿರುವ ತಮ್ಮ ಬರೆದೂ ಕಳಿಸಿದ್ದಾನೆ: ಕರಾಚಿಯ ಮೇಲೆ ದಾಳಿ ಮಾಡಿದ ವೀರ, ಆದರ್ಶ ತಂದೆ, ಸಂತನಂಥ ಬದುಕು. ಮಮ್ಮಿಯ ಹೆಸರು ಕೊನೆಯಲ್ಲಿ ಒಂದೇ ಸಲ ಬರುತ್ತದೆ.

ಅದನ್ನು ಓದಲು ನನಗೆ ನಾಲಿಗೆ ಏಳುತ್ತಿಲ್ಲ. ನಾನು ಚಿಕ್ಕವಳಿದ್ದಾಗ ಪಪ್ಪ ಅಂದರೆ ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬರುವ ಮನುಷ್ಯ. ನಾನು ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಾಗ ಅವರು ಬರಲಿಲ್ಲ. ಎರಡು ವರ್ಷ ಮಾತೂ ಇರಲಿಲ್ಲ. ನನ್ನ ಮಗ ಹುಟ್ಟಿದ ಮೇಲೆ ಒಂದು ದಿನ ಪಪ್ಪ ಸ್ಪ್ಯಾನರ್ ಚೀಲ ಹಿಡಿದು ಮನೆಗೆ ಬಂದರು. ಸೋರುತ್ತಿದ್ದ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದರು. ಸಂಜೆ ಅತ್ತೆ ದೀಪ ಹಚ್ಚುವ ಹೊತ್ತಿಗೆ ಬಾಲ್ಕನಿಯಲ್ಲಿ ಕೂತು ತೇರ್ಸ್ ಹೇಳಿದರು. ಮುಗಿದ ಮೇಲೆ ನನ್ನ ಗಂಡ, ನಾನು ಹೇಳಿಕೊಟ್ಟಂತೆ, ಕೈ ಮುಗಿದು ಬೆಸಾಂವ್ (ಆಶೀರ್ವಾದ) ಕೇಳಿದರು. ಪಪ್ಪ ಅವರ ತಲೆಯ ಮೇಲೆ ಕೈಯಿಟ್ಟರು. ಹಳೆಯದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಈಗ ಮಮ್ಮಿ, 'ಪಪ್ಪನ ಮರ್ಯಾದೆ ತೆಗೀಬೇಡ' ಅನ್ನುತ್ತಾರೆ. ನಾನು ಏನು ಹೇಳಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಪ್ರಿಯ ಸಹೋದರಿ, ತಮ್ಮ ಬರೆದದ್ದನ್ನು ನೀವು ಓದಬೇಡಿ. ಹಾಗಂತ ಮಾತಾಡುವುದನ್ನೂ ಬಿಡಬೇಡಿ.

ಮೊದಲು ನಿಮ್ಮ ಪಪ್ಪನ ನಂಬಿಕೆಯ ವಿಷಯಕ್ಕೇ ಬರೋಣ. ಸತ್ತವರಿಗಾಗಿ ಪೂಜೆ ಇಡುವುದು ಯಾಕೆ? ಆ ಮನುಷ್ಯನಲ್ಲಿ ಕೊರತೆಗಳಿದ್ದವು, ದೇವರ ಕರುಣೆ ಅವನಿಗೆ ಬೇಕು ಎಂಬ ನಂಬಿಕೆಯಿಂದ ಅಲ್ವಾ? ಸಂತ ಅಂತ ತೀರ್ಮಾನ ಆಗಿಬಿಟ್ಟವರಿಗೆ ಯಾರೂ ಶಾಂತಿ ಕೇಳುವುದಿಲ್ಲ. ಅವರ ಹತ್ತಿರ ನಮಗಾಗಿ ಬೇಡಿಕೊಳ್ಳಿ ಅಂತ ಕೇಳುತ್ತಾರೆ. ಪೂಜೆಯ ಶುರುವಿನಲ್ಲೇ ಎದೆ ತಟ್ಟಿಕೊಂಡು ತಪ್ಪೊಪ್ಪಿಕೊಳ್ಳುವ ಪ್ರಾರ್ಥನೆ ಇದೆ. ಮಾತಿನಿಂದ, ಕೆಲಸದಿಂದ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದರಿಂದ ಪಾಪ ಮಾಡಿದ್ದೇನೆ ಅಂತ ಎಲ್ಲರೆದುರು ಹೇಳುವ ಪ್ರಾರ್ಥನೆ ಅದು. ನಿಮ್ಮ ಪಪ್ಪ ಅದನ್ನು ಎಷ್ಟು ಸಾವಿರ ಸಲ ಹೇಳಿರಬೇಡ! ಮಗಳ ಮದುವೆಗೆ ಹೋಗದೆ ಇದ್ದದ್ದು ಆಗ ಅವರ ಮನಸ್ಸಿಗೆ ಬಂದಿತ್ತೋ ಇಲ್ಲವೋ, ಅದನ್ನು ನಾನಾಗಲಿ ನೀವಾಗಲಿ ಹೇಳಲಾರೆವು. ಆದರೆ ತನ್ನಲ್ಲಿ ತಪ್ಪೇ ಇಲ್ಲ ಅಂತ ಅವರು ಯಾವತ್ತೂ ಹೇಳಿಕೊಂಡವರಲ್ಲ. ಹಾಗಿರುವಾಗ ಅವರ ಪರವಾಗಿ ನೀವು ಯಾಕೆ ಹೇಳಬೇಕು?

ಇನ್ನೊಂದು ಸಂಗತಿ ನಿಮಗೆ ಧೈರ್ಯ ಕೊಡಬಹುದು. ಮರಣದ ಪೂಜೆಯಲ್ಲಿ ಗುರುಗಳ ಪ್ರವಚನ ತೀರಿಕೊಂಡವರನ್ನು ಹೊಗಳುವ ಭಾಷಣ ಆಗಬಾರದು ಅಂತ ಕಥೋಲಿಕ ಚರ್ಚಿನ ನಿಯಮವೇ ಇದೆ. ಮನೆಯವರು ನಾಲ್ಕು ಮಾತು ಹೇಳುವುದಿದ್ದರೆ ಪರಮಪ್ರಸಾದದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ನಂತರ, ಚುಟುಕಾಗಿ ಹೇಳಲು ಅವಕಾಶವಿದೆ. ವರ್ಷದ ಪೂಜೆಯಲ್ಲಿ ಹೇಗೆ ಮಾಡುತ್ತಾರೆ ಅಂತ ನಿಮ್ಮ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರನ್ನು ಈಗಲೇ ಹೋಗಿ ಕೇಳಿ. ಮೂರು ನಿಮಿಷ ಸಿಗಬಹುದು. ಮೂರು ನಿಮಿಷದಲ್ಲಿ ಯಾರ ಇಡೀ ಬದುಕನ್ನೂ ಹೇಳಲಾಗದು. ನೀವು ಕಣ್ಣಾರೆ ಕಂಡ ಒಂದೆರಡು ಸಂಗತಿ ಸಾಕು. ಅದರ ಆಚೆಗೆ ಒಂದು ಮಾತೂ ಬೇಡ.

ಈಗ ತಮ್ಮನ ಕರಾಚಿ. ಇಲ್ಲಿ ನನಗೆ ಸ್ವಲ್ಪ ಬೇಸರವೇ ಆಯಿತು, ಯಾಕೆಂದರೆ ನಿಜ ಸಂಗತಿ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ದೋಣಿಗಳು. ಆ ದಿನವನ್ನೇ ನಾವು ನೌಕಾಪಡೆ ದಿನವಾಗಿ ಆಚರಿಸುವುದು. ಅದು ಅರಬ್ಬಿ ಸಮುದ್ರದ ಕಥೆ. ವಿಕ್ರಾಂತ್ ಆಗ ಬಂಗಾಳ ಕೊಲ್ಲಿಯಲ್ಲಿತ್ತು. ಅದರ ಮೇಲಿಂದ ಹಾರಿದ ಸೀ ಹಾಕ್ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಮನೆಯಲ್ಲಿ ಪಪ್ಪನ ಪದಕಗಳಿದ್ದರೆ ಡಬ್ಬಿ ತೆಗೆದು ನೋಡಿ. ಪೂರ್ವ ಭಾಗದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟಿದ್ದರು. ಅದರ ಫೋಟೊ ತೆಗೆದು ತಮ್ಮನಿಗೆ ಕಳಿಸಿದರೆ ವಾದವೇ ಬೇಕಾಗಲಿಕ್ಕಿಲ್ಲ. ಇಗರ್ಜಿಯಲ್ಲಿ ಹಳೆಯ ನೌಕಾಪಡೆಯವರು ಯಾರಾದರೂ ಕೂತಿದ್ದರೆ ಕರಾಚಿ ಅಂದ ಕೂಡಲೇ ಅವರ ಹುಬ್ಬು ಮೇಲೇರುತ್ತದೆ. ಪಪ್ಪನ ಮರ್ಯಾದೆ ಹೋಗುವುದು ಹಾಗೆ.

ಆ ಯುದ್ಧದ ಹೊತ್ತಿಗೆ ವಿಕ್ರಾಂತಿನ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಡಗು ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ವಿಮಾನವಾಹಕ ಹಡಗಿಗೆ ವೇಗ ಅಂದರೆ ಬರೀ ಬೇಗ ತಲುಪುವುದಲ್ಲ. ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಿದರೇನೇ ಆ ಗಿಡ್ಡ ಡೆಕ್ಕಿನಿಂದ ವಿಮಾನ ಮೇಲೇಳುವುದು ಸುಲಭ. ವಿಮಾನವನ್ನು ಮುಂದಕ್ಕೆ ಎಸೆಯುವ ಕೆಟಪಲ್ಟ್ ಕೂಡ ಉಗಿಯದೇ. ಅಂದರೆ ಪ್ರತಿಯೊಂದು ವಿಮಾನದ ಹಿಂದೆಯೂ ಕೆಳಗಡೆ ಬಾಯ್ಲರ್ ರೂಮಿನ ಕೆಲಸ ಇತ್ತು. ಸುಡುವ ಸೆಕೆ, ಯಂತ್ರದ ಗದ್ದಲ, ಹೊರಗೆ ಹಗಲೋ ರಾತ್ರಿಯೋ ಗೊತ್ತಾಗದ ಜಾಗ. ಹಡಗಿಗೆ ಟಾರ್ಪಿಡೊ ಬಡಿದರೆ ಮೇಲೆ ಬರುವ ಅವಕಾಶ ತೀರಾ ಕಡಿಮೆ ಇರುವುದು ಅಲ್ಲಿದ್ದವರಿಗೇ. ನಿಮ್ಮ ಪಪ್ಪ ಆಗ ಇಪ್ಪತ್ತರ ಆಸುಪಾಸಿನ ಹುಡುಗ. ಅವರು ದಾಳಿಯನ್ನು ಕಣ್ಣಿನಿಂದ ನೋಡಿಯೂ ಇರಲಿಕ್ಕಿಲ್ಲ. ತನ್ನ ಪಾಳಿಯಲ್ಲಿ ಉಗಿಯ ಒತ್ತಡ ಬೀಳದ ಹಾಗೆ ನೋಡಿಕೊಂಡರು. ಇದನ್ನು ಹೇಳಿ. ನನಗಂತೂ ಇದು ಯಾವ ವೀರಗಾಥೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಅದೇ ಚೀಲ, ಅದೇ ಕೈ ನಿಮ್ಮ ಮನೆಯ ನಲ್ಲಿಗೆ ಬಂತು ನೋಡಿ. ಆ ದಿನದ ಸಂಗತಿಯನ್ನು ನಿಮ್ಮ ಪತ್ರದಲ್ಲಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಕ್ಷಮೆ ಕೇಳಬೇಕಿತ್ತಾ? ಕೇಳಬೇಕಿತ್ತು ಅಂತಲೇ ನನ್ನ ಅನಿಸಿಕೆ. ಬಿಷಪರ ಅನುಮತಿ ಪಡೆದು ಬೇರೆ ಧರ್ಮದವರನ್ನು ಇಗರ್ಜಿಯಲ್ಲೇ ಮದುವೆಯಾಗುವ ದಾರಿ ಇದೆ. ಆ ಮಾತನ್ನು ಶಾಂತವಾಗಿ ಕೂತು ಆಡಬಹುದಿತ್ತು. ಎರಡು ವರ್ಷದ ಮೌನ ನಿಮಗೆ ಕೊಟ್ಟ ನೋವು ಸಣ್ಣದಲ್ಲ. ಬೆಸಾಂವ್ ಕೊಟ್ಟರು ಅಂತ ಅದೆಲ್ಲ ಅಳಿಸಿಹೋಗಬೇಕು ಅಂತಲೂ ನಾನು ಹೇಳುವುದಿಲ್ಲ. ಆದರೆ ತೇರ್ಸ್ ಆದ ಮೇಲೆ ಬೆಸಾಂವ್ ಕೊಡುವುದು ಮನೆಯ ಹಿರಿಯರು, ಮನೆಯ ಮಕ್ಕಳಿಗೆ. ನಿಮ್ಮ ಗಂಡನ ತಲೆಯ ಮೇಲೆ ಕೈಯಿಟ್ಟಾಗ ಅವರು ಏನು ಒಪ್ಪಿಕೊಂಡರು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತಿತ್ತು.

ಈ ಸಂಗತಿಯನ್ನು ಇಗರ್ಜಿಯಲ್ಲಿ ಹೇಳಬಹುದು. 'ನನ್ನ ಮದುವೆಯ ಹೊತ್ತಿಗೆ ನಮ್ಮ ನಡುವೆ ಮಾತು ನಿಂತಿತ್ತು. ಆಮೇಲೆ ಒಂದು ದಿನ ಅವರೇ ಬಂದರು.' ಇಷ್ಟರಲ್ಲಿ ಸುಳ್ಳೂ ಇಲ್ಲ, ದೂರೂ ಇಲ್ಲ. ಕೇಳುವವರಲ್ಲಿ ಎಷ್ಟು ಮನೆಯಲ್ಲಿ ಹೀಗೆ ಮಾತು ನಿಂತಿದೆಯೋ ಯಾರಿಗೆ ಗೊತ್ತು. ಮದುವೆಯ ದಿನ ನೀವು ಎಷ್ಟು ಅತ್ತಿರಿ, ಬಾಲ್ಯದಲ್ಲಿ ಎಷ್ಟು ಕಾದಿರಿ ಅನ್ನುವುದು ಮಾತ್ರ ಮೈಕಿನ ಮುಂದೆ ಬೇಡ. ಅದನ್ನು ತಮ್ಮನ ಹತ್ತಿರ ಹೇಳಿ. ಅವನು ದುಬೈಯಿಂದ ಬಂದ ದಿನವೇ ಹೇಳಿ. ಅಕ್ಕನ ಪಾಲಿಗೆ ಬಂದ ಪಪ್ಪ ಬೇರೆಯವರು ಅಂತ ಅವನಿಗೆ ಈವರೆಗೆ ಯಾರೂ ಹೇಳಿರಲಿಕ್ಕಿಲ್ಲ. ಅವನೂ ಈಗ ಮನೆ ಬಿಟ್ಟು ದೂರ ದುಡಿಯುತ್ತಿದ್ದಾನೆ. ಆದರ್ಶ ತಂದೆ ಅಂತ ಬರೆಯುವಾಗ ಅವನ ಮನಸ್ಸಿನಲ್ಲಿ ತನ್ನ ಮಕ್ಕಳೂ ಇದ್ದಿರಬಹುದು. ಸ್ವಲ್ಪ ಮೆತ್ತಗೆ ಮಾತಾಡಿ.

ಮಮ್ಮಿಯ ವಿಷಯ. ನೌಕಾಪಡೆಯವನ ಇಪ್ಪತ್ತು ವರ್ಷದ ಸೇವೆ ಅಂದರೆ ಅವನ ಹೆಂಡತಿಯ ಸೇವೆಯೂ ಹೌದು. ರೇಷನ್ ಅಂಗಡಿ, ಮಕ್ಕಳ ಜ್ವರ, ಶಾಲೆಯ ಫೀಸು, ಮಳೆಗಾಲದಲ್ಲಿ ಸೋರುವ ಹೆಂಚು, ಎಲ್ಲ ಒಬ್ಬರೇ. ಹಡಗು ಎಲ್ಲಿದೆ ಅಂತಲೂ ತಿಳಿಯದೆ, ಫ್ಲೀಟ್ ಮೇಲ್ ಆಫೀಸ್ ಅಂತ ವಿಳಾಸ ಬರೆದು ಇನ್‌ಲ್ಯಾಂಡ್ ಲೆಟರ್ ಹಾಕುವುದು. ಪಪ್ಪ ಸಮುದ್ರದಲ್ಲಿದ್ದ ಅಷ್ಟೂ ವರ್ಷ ನಿಮ್ಮ ಮನೆಯಲ್ಲಿ ತೇರ್ಸ್ ನಿಲ್ಲದ ಹಾಗೆ ನೋಡಿಕೊಂಡದ್ದು ಯಾರು? ತಮ್ಮ ಒಂದೇ ಸಲ ಹೆಸರು ಹಾಕಿದ್ದಾನೆ. ನೀವು ನಿಮ್ಮ ಮೂರು ನಿಮಿಷದಲ್ಲಿ ಒಂದು ನಿಮಿಷ ಅವರಿಗೆ ಕೊಡಿ. ಮರ್ಯಾದೆ ತೆಗೀಬೇಡ ಅಂತ ಹೆದರುತ್ತಿರುವ ಮಮ್ಮಿಗೆ ತನ್ನ ಇಪ್ಪತ್ತು ವರ್ಷವನ್ನು ಯಾರೂ ಕೇಳಿಯೇ ಇಲ್ಲ ಅನ್ನುವ ಸಂಕಟವೂ ಇರಬಹುದು. ಬರೆಯುವ ಮೊದಲು ಅವರ ಪಕ್ಕ ಕೂತು ಕೇಳಿ. ಬರೆದ ಮೇಲೆ ಮೊದಲು ಅವರಿಗೇ ಓದಿ ಹೇಳಿ. ಯಾವುದಾದರೂ ಸಾಲು ಬೇಡ ಅಂದರೆ ಬದಲಾಯಿಸಿ, ಆದರೆ ಅದರ ಜಾಗದಲ್ಲಿ ಸುಳ್ಳು ಸೇರಿಸಬೇಡಿ.

ಕೊನೆಯದಾಗಿ, ಆ ದಿನ ನಿಮ್ಮ ಗಂಡನನ್ನೂ ಮಗನನ್ನೂ ಕರೆದುಕೊಂಡು ಹೋಗಿ. ಬೇರೆ ಧರ್ಮದವರು ಪೂಜೆಯಲ್ಲಿ ಕೂರಲು ಅಡ್ಡಿಯಿಲ್ಲ, ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ ಅಷ್ಟೆ. ಹಿಂದಿನ ಸಾಲಿನಲ್ಲಿ ಬೇಡ, ಮುಂದಿನ ಬೆಂಚಿನಲ್ಲಿ ಮಮ್ಮಿಯ ಪಕ್ಕದಲ್ಲೇ ಕೂರಿಸಿ. ಪಪ್ಪನ ಬೆಸಾಂವ್ ತಗೊಂಡವರು ಅವರು.