ಓದುಗರ ಪ್ರಶ್ನೆ: ಚಿಪ್‌ನೊಳಗಿನ ಟೈಮರ್ ಏನನ್ನು ಎಣಿಸುತ್ತಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಕ್ರೊಕಂಟ್ರೋಲರ್ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಟೈಮರ್‌ಗಳದ್ದೇ. ಉತ್ತರಕ್ಕೆ ಮುಂಚೆ ಒಂದು ಮಾತು. ಟೈಮರ್, ಕೌಂಟರ್ ಎರಡೂ ಒಳಗೆ ಒಂದೇ ಸರ್ಕ್ಯೂಟ್; ಒಂದು ಪಲ್ಸ್ ಬಂದರೆ ಲೆಕ್ಕ ಒಂದು ಏರುತ್ತದೆ. ಪಲ್ಸ್ ಚಿಪ್‌ನ ಕ್ಲಾಕ್‌ನಿಂದ (ಸಮ ಅಂತರದಲ್ಲಿ ಪಲ್ಸ್ ಕೊಡುವ ಭಾಗ) ಬಂದರೆ ಟೈಮರ್, ಹೊರಗಿನ ಪಿನ್‌ನಿಂದ ಬಂದರೆ ಕೌಂಟರ್. ತಾನು ಎಣಿಸುತ್ತಿರುವುದು ಚೀಲವೋ ಸೆಕೆಂಡೋ ಅದಕ್ಕೆ ಗೊತ್ತಿಲ್ಲ. ಲೆಕ್ಕ ತಪ್ಪಿದಾಗ ಪ್ರೋಗ್ರಾಂ ತಿದ್ದಲು ಕೂರುವ ಮೊದಲು, ಆ ಸರ್ಕ್ಯೂಟ್‌ಗೆ ನಿಜಕ್ಕೂ ಯಾವ ಪಲ್ಸ್ ತಲುಪುತ್ತಿದೆ ಎಂದು ನೋಡಿ.

ಪ್ರಶ್ನೆ: ನಮ್ಮ ರೈಸ್ ಮಿಲ್‌ನ ಕನ್ವೇಯರ್ ಮೇಲೆ ಹೋಗುವ ಅಕ್ಕಿ ಚೀಲ ಎಣಿಸಲು 24 ವೋಲ್ಟ್‌ನ ಫೋಟೊ ಸೆನ್ಸರ್, ಆರ್ಡುಯಿನೊ ಊನೊ ಮೈಕ್ರೊಕಂಟ್ರೋಲರ್ ಬೋರ್ಡ್ ಹಾಕಿದ್ದೇವೆ. ಇಂಟರಪ್ಟ್‌ನಲ್ಲಿ (ಸಿಗ್ನಲ್ ಬಂದೊಡನೆ ಉಳಿದ ಕೆಲಸ ನಿಲ್ಲಿಸಿ ಓಡುವ ಪ್ರೋಗ್ರಾಂ ತುಣುಕು) ಎಣಿಸಿದರೆ 100 ಚೀಲಕ್ಕೆ 120–130 ತೋರಿಸುತ್ತದೆ. ಹಾರ್ಡ್‌ವೇರ್ ಕೌಂಟರ್ ಸರಿಯಾಗಿ ಎಣಿಸುತ್ತದೆ ಎಂದು ಕೇಳಿ ಸೆನ್ಸರ್ ಸಿಗ್ನಲನ್ನು ಟೈಮರ್1ರ ಹೊರಗಿನ ಕ್ಲಾಕ್ ಪಿನ್‌ಗೆ ಕೊಟ್ಟೆವು. ಲೆಕ್ಕ ಇನ್ನೂ ಹೆಚ್ಚಾಯಿತು. ಮೋಟರ್ ಶುರುವಾದಾಗಲೂ ಲೆಕ್ಕ ಜಿಗಿಯುತ್ತದೆ. — ಓದುಗರು, ಗಂಗಾವತಿ

ಹೆಚ್ಚಾಗಲೇಬೇಕಿತ್ತು. ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಟೈಮರ್1 ಪಿನ್‌ಗೆ (ಬೋರ್ಡಿನ 5ನೇ ಪಿನ್) ಯಾವ ಫಿಲ್ಟರೂ ಇಲ್ಲ. 16 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ ಎಂದರೆ 62.5 ನ್ಯಾನೊಸೆಕೆಂಡ್. ಅದಕ್ಕಿಂತ ತುಸು ಅಗಲವಾದ ಕಿಡಿ ಬಂದರೂ ಕೌಂಟರ್ ಅದನ್ನು ಒಂದು ಚೀಲವೆಂದೇ ಎಣಿಸುತ್ತದೆ. ಹಾರ್ಡ್‌ವೇರ್ ಕೌಂಟರ್ ಇರುವುದು ವೇಗದ, ಶುದ್ಧವಾದ ಪಲ್ಸ್‌ಗೆ: ಎನ್‌ಕೋಡರ್ (ತಿರುಗುವಿಕೆ ಅಳೆಯುವ ಸೆನ್ಸರ್), ಫ್ಲೋ ಮೀಟರ್, ಶಾಫ್ಟ್‌ನ ವೇಗ. ಎರಡು–ಮೂರು ಸೆಕೆಂಡಿಗೆ ಒಂದರಂತೆ ಬರುವ ಚೀಲಕ್ಕೆ ಅದು ತಪ್ಪು ಆಯ್ಕೆ.

ಫಿಲ್ಟರ್ ಇರುವ ದೊಡ್ಡ ಚಿಪ್ ಕೊಂಡರೂ ಈ ಕೆಲಸಕ್ಕೆ ಸಾಲದು. ಇಎಸ್‌ಪಿ32ರ ಪಲ್ಸ್ ಕೌಂಟರ್‌ನ ಫಿಲ್ಟರ್ 80 ಮೆಗಾಹರ್ಟ್ಸ್‌ನ 1023 ಕ್ಲಾಕ್‌ವರೆಗೆ, ಅಂದರೆ ಸುಮಾರು 12.8 ಮೈಕ್ರೊಸೆಕೆಂಡ್ ಮಾತ್ರ ತಡೆಯುತ್ತದೆ. ಎಸ್‌ಟಿಎಂ32ಎಫ್103 ಚಿಪ್‌ನ ಟೈಮರ್ ಫಿಲ್ಟರನ್ನು 72 ಮೆಗಾಹರ್ಟ್ಸ್‌ನಲ್ಲಿ ಪೂರ್ತಿ ಏರಿಸಿದರೂ ಸುಮಾರು 14 ಮೈಕ್ರೊಸೆಕೆಂಡ್. ಕಾಂಟ್ಯಾಕ್ಟರ್‌ನ (ಮೋಟರ್ ಹಚ್ಚಿ ಆರಿಸುವ ಸ್ವಿಚ್) ಸಣ್ಣ ಕಿಡಿ ಅಲ್ಲಿ ನಿಲ್ಲಬಹುದು. ಹೊಲಿದ ಚೀಲದ ಬಾಯಿಯ ಮಡಿಕೆ, ತೂಗಾಡುವ ದಾರ ಬೆಳಕನ್ನು ಕಡಿಯುವುದು ಹತ್ತಾರು ಮಿಲಿಸೆಕೆಂಡ್. ಅದು ಆರಾಮವಾಗಿ ದಾಟಿ ಹೋಗುತ್ತದೆ.

ಹೀಗೆ ಮಾಡಿ. ಟೈಮರ್2ನ್ನು ಸಿಟಿಸಿ ಮೋಡ್‌ನಲ್ಲಿಟ್ಟು (ನಿಗದಿತ ಅಂಕಿ ಮುಟ್ಟಿದಾಗ ಸೊನ್ನೆಗೆ ಮರಳುವ ರೀತಿ), 64ರ ಪ್ರಿಸ್ಕೇಲರ್ (ಕ್ಲಾಕನ್ನು ಭಾಗಿಸುವ ಅಂಕಿ) ಹಾಕಿ, ಆ ನಿಗದಿತ ಅಂಕಿ ಇಡುವ ಕಂಪೇರ್ ರಿಜಿಸ್ಟರ್‌ಗೆ 249 ಬರೆಯಿರಿ (ಸೊನ್ನೆಯೂ ಸೇರಿ 250 ಎಣಿಕೆ). 16 ಮೆಗಾಹರ್ಟ್ಸ್ ÷ 64 ÷ 250 = 1000, ಅಂದರೆ ಮಿಲಿಸೆಕೆಂಡಿಗೊಂದು ಇಂಟರಪ್ಟ್. ಟೈಮರ್2 ತೆಗೆದುಕೊಂಡರೆ ಬಜರ್ ನುಡಿಸುವ ಟೋನ್ ಫಂಕ್ಷನ್ನೂ 3, 11ನೇ ಪಿನ್‌ಗಳ ಪಿಡಬ್ಲ್ಯುಎಂ (ಪಲ್ಸ್ ಅಗಲ ಬದಲಿಸಿ ಔಟ್‌ಪುಟ್ ಹೆಚ್ಚುಕಡಿಮೆ ಮಾಡುವುದು) ಕೂಡ ಹೋಗುತ್ತವೆ. ಬಜರ್ ಇದ್ದರೆ ಬೇರೆ ರೀತಿ ನಡೆಸಿ. ಪ್ರತಿ ಇಂಟರಪ್ಟ್‌ನಲ್ಲಿ ಸೆನ್ಸರ್ ಓದಿ. ಬೆಳಕು ಸತತ 200 ಸಲ ಕಡಿದಿದ್ದರೆ ಒಂದು ಚೀಲ. ಮತ್ತೆ ಸತತ 200 ಸಲ ತೆರೆದ ಮೇಲೆಯೇ ಮುಂದಿನ ಚೀಲಕ್ಕೆ ಸಿದ್ಧ. ನಡುವೆ ಒಮ್ಮೆ ಬದಲಾದರೂ ಲೆಕ್ಕ ಸೊನ್ನೆಯಿಂದ ಶುರುವಾಗಬೇಕು.

ಈ 200ನ್ನು ನಿಮ್ಮ ಬೆಲ್ಟ್ ನೋಡಿ ನಿರ್ಧರಿಸಿ. ಬೆಲ್ಟ್ ಸೆಕೆಂಡಿಗೆ 30 ಸೆಂ.ಮೀ. ಓಡಿದರೆ 200 ಮಿಲಿಸೆಕೆಂಡಿನಲ್ಲಿ 6 ಸೆಂ.ಮೀ. ಆರು ಸೆಂ.ಮೀ.ಗಿಂತ ಚಿಕ್ಕ ಮಡಿಕೆ ಲೆಕ್ಕಕ್ಕೆ ಬರುವುದಿಲ್ಲ, ಹಾಗೆಯೇ ಎರಡು ಚೀಲಗಳ ನಡುವೆ ಆರು ಸೆಂ.ಮೀ.ಗಿಂತ ಕಡಿಮೆ ಜಾಗವಿದ್ದರೆ ಎರಡೂ ಸೇರಿ ಒಂದಾಗುತ್ತವೆ. ಅಂತರ ಬಿಟ್ಟು ಚೀಲ ಇಡಲು ಹಮಾಲರಿಗೆ ಹೇಳಲೇಬೇಕು. ಈ ತೊಂದರೆಗೆ ಯಾವ ಚಿಪ್‌ನಲ್ಲೂ ಮದ್ದಿಲ್ಲ.

ಮೋಟರ್ ಶುರುವಾದಾಗ ಜಿಗಿಯುವುದು ವೈರಿಂಗ್ ದೋಷ. ಸೆನ್ಸರ್ ಎನ್‌ಪಿಎನ್ ಮಾದರಿಯದ್ದಾದರೆ (ಔಟ್‌ಪುಟನ್ನು ಗ್ರೌಂಡ್‌ಗೆ ಎಳೆಯುವಂಥದ್ದು) ಪಿಸಿ817 ಆಪ್ಟೊಕಪ್ಲರ್ (ಎರಡು ಬದಿಗಳ ನಡುವೆ ಬೆಳಕಿನಿಂದ ಮಾತ್ರ ಸಿಗ್ನಲ್ ಸಾಗಿಸುವ ಭಾಗ) ಹಾಕಿ. 24 ವೋಲ್ಟ್‌ನಿಂದ 2.2 ಕಿಲೊಓಮ್ ರೆಸಿಸ್ಟರ್ ಮೂಲಕ ಅದರ ಎಲ್‌ಇಡಿಯ ಆನೋಡ್‌ಗೆ, ಕ್ಯಾಥೋಡ್‌ನಿಂದ ಸೆನ್ಸರ್‌ನ ಔಟ್‌ಪುಟ್‌ಗೆ. ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ, ರೆಸಿಸ್ಟರ್‌ನಲ್ಲಿ ಕಾಲು ವ್ಯಾಟ್‌ನಷ್ಟು ಬಿಸಿ. ಅರ್ಧ ವ್ಯಾಟ್‌ನದ್ದೇ ಇರಲಿ. ಇನ್ನೊಂದು ಬದಿಯಲ್ಲಿ ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಪಿನ್‌ಗೆ, 10 ಕಿಲೊಓಮ್ ಪುಲ್‌ಅಪ್ 5 ವೋಲ್ಟ್‌ಗೆ. 24 ವೋಲ್ಟ್‌ನ ಗ್ರೌಂಡನ್ನೂ ಆರ್ಡುಯಿನೊ ಗ್ರೌಂಡನ್ನೂ ಸೇರಿಸಬೇಡಿ, ಸೇರಿಸಿದರೆ ಆಪ್ಟೊಕಪ್ಲರ್ ಹಾಕಿದ್ದೇ ದಂಡ. ಸೆನ್ಸರ್ ವೈರ್ ಮೋಟರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಹೋಗದಿರಲಿ. ಎಸಿ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಅಡ್ಡಲಾಗಿ ಸ್ನಬರ್ (ಕಿಡಿ ತಗ್ಗಿಸುವ ಸಣ್ಣ ಸರ್ಕ್ಯೂಟ್) ಹಾಕಿಸಿ. ಸೆನ್ಸರ್ ಕನ್ನಡಿಯ ಮೇಲಿನ ತೌಡಿನ ಧೂಳನ್ನು ದಿನಕ್ಕೊಮ್ಮೆ ಒರೆಸಿ.

ಕರೆಂಟ್ ಹೋದಾಗ ಲೆಕ್ಕ ಉಳಿಯಲೆಂದು ಪ್ರತಿ ಚೀಲಕ್ಕೂ ಇಇಪಿರಾಮ್‌ನ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಒಂದೇ ಜಾಗದಲ್ಲಿ ಬರೆಯುವವರಿದ್ದಾರೆ. ಅದಕ್ಕೆ ಖಾತರಿ ಇರುವುದು 1,00,000 ಬರಹಗಳಿಗೆ. ದಿನಕ್ಕೆ 2,000 ಚೀಲವಾದರೆ 50 ದಿನಕ್ಕೆ ಮುಗಿಯಿತು. ಬರೆದು ಸವೆಯದಂಥ ಮೆಮೊರಿಯಾದ ಎಫ್‌ರಾಮ್ ಮಾಡ್ಯೂಲ್ ಹಾಕಿದರೆ ಈ ಚಿಂತೆಯಿಲ್ಲ.

ಪ್ರಶ್ನೆ: ಎಸ್‌ಟಿಎಂ32ಎಫ್103ರಲ್ಲಿ ಟೈಮರ್2ರಿಂದ ಸೆಕೆಂಡಿಗೊಂದು ಇಂಟರಪ್ಟ್ ಬೇಕು. ಬಸ್ (ಚಿಪ್‌ನೊಳಗಿನ ಸಂಪರ್ಕ ದಾರಿ) ಕ್ಲಾಕ್ 36 ಮೆಗಾಹರ್ಟ್ಸ್, ಅದಕ್ಕೆ ತಕ್ಕಂತೆ ಪ್ರಿಸ್ಕೇಲರ್ 3600, ರೀಲೋಡ್ (ಎಷ್ಟು ಎಣಿಸಿ ಸೊನ್ನೆಗೆ ಮರಳಬೇಕೆಂಬ ಅಂಕಿ) 10000 ಕೊಟ್ಟೆ. ಅರ್ಧ ಸೆಕೆಂಡಿಗೇ ಬರುತ್ತದೆ. ಶುರು ಮಾಡಿದ ಕೂಡಲೇ ಒಂದು ಹೆಚ್ಚುವರಿ ಇಂಟರಪ್ಟ್ ಕೂಡ. — ಡಿಪ್ಲೊಮಾ ವಿದ್ಯಾರ್ಥಿನಿ, ಬಳ್ಳಾರಿ

ಬಸ್ 36 ಮೆಗಾಹರ್ಟ್ಸ್ ಇದ್ದರೂ, ಆ ಬಸ್‌ನ ಭಾಜಕ ಒಂದಕ್ಕಿಂತ ಹೆಚ್ಚಿದ್ದರೆ ಟೈಮರ್‌ಗೆ ಅದರ ಎರಡರಷ್ಟು, ಅಂದರೆ 72 ಮೆಗಾಹರ್ಟ್ಸ್ ಹೋಗುತ್ತದೆ. ರೆಫರೆನ್ಸ್ ಮ್ಯಾನ್ಯುಯಲ್‌ನ ಕ್ಲಾಕ್ ಟ್ರೀ ಚಿತ್ರದಲ್ಲಿ ಇದು ಸಣ್ಣ ಚೌಕವೊಂದರಲ್ಲಿ ಇರುವುದರಿಂದ ಕಣ್ಣು ತಪ್ಪುವುದು ಸಹಜ. ಎರಡನೆಯದು, ಭಾಗಿಸುವುದು ಬರೆದ ಅಂಕಿಗಿಂತ ಒಂದು ಹೆಚ್ಚಿನಿಂದ. ಪ್ರಿಸ್ಕೇಲರ್‌ಗೆ 7199, ರೀಲೋಡ್‌ಗೆ 9999 ಬರೆಯಿರಿ.

ಮೊದಲ ಹೆಚ್ಚುವರಿ ಇಂಟರಪ್ಟ್‌ಗೆ ಕಾರಣ ಬೇರೆ. ಪ್ರಿಸ್ಕೇಲರ್‌ಗೆ ಬರೆದದ್ದು ಮುಂದಿನ ಅಪ್‌ಡೇಟ್ (ಎಣಿಕೆ ಮತ್ತೆ ಶುರುವಾಗುವ ಗಳಿಗೆ) ಬರುವವರೆಗೆ ಜಾರಿಯಾಗುವುದಿಲ್ಲ, ಆದ್ದರಿಂದ ಲೈಬ್ರರಿಗಳು ತಾವೇ ಒಂದು ಅಪ್‌ಡೇಟ್ ಹುಟ್ಟಿಸುತ್ತವೆ. ಅದರಿಂದ ಫ್ಲ್ಯಾಗ್ (ಇಂಟರಪ್ಟ್ ಕೇಳುವ ಗುರುತಿನ ಬಿಟ್) ಏಳುತ್ತದೆ. ಇಂಟರಪ್ಟ್ ಚಾಲೂ ಮಾಡುವ ಮೊದಲು ಫ್ಲ್ಯಾಗ್ ಇಳಿಸಿ. ಇಂಟರಪ್ಟ್ ಫಂಕ್ಷನ್‌ನಲ್ಲಿ ಆ ಫ್ಲ್ಯಾಗನ್ನು ಆರಂಭದಲ್ಲೇ ಇಳಿಸುವುದು ಒಳ್ಳೆಯದು. ಕೊನೆಯ ಸಾಲಿನಲ್ಲಿ ಇಳಿಸಿದರೆ ಆ ಬರಹ ಟೈಮರ್‌ಗೆ ತಲುಪುವಷ್ಟರಲ್ಲಿ ಪ್ರೊಸೆಸರ್ ಹೊರಬಂದು, ಅದೇ ಇಂಟರಪ್ಟ್‌ಗೆ ಮತ್ತೆ ಒಳಹೋಗುವುದುಂಟು.

ಪ್ರಶ್ನೆ: ಹೊಲದ ಪಂಪಿಗೆ ಇಎಸ್‌ಪಿ32 ಟೈಮರ್ ಕಟ್ಟಿದ್ದೇನೆ. ಬ್ಯಾಟರಿ ಉಳಿಸಲು ಡೀಪ್ ಸ್ಲೀಪ್‌ನಲ್ಲಿ (ಚಿಪ್‌ನ ಬಹುಭಾಗ ಆರಿಸಿದ ಸ್ಥಿತಿ) ಇಡುತ್ತೇನೆ. ಹೊಲದಲ್ಲಿ ಇಂಟರ್ನೆಟ್ ಇಲ್ಲ. ಬೇಸಿಗೆಯಲ್ಲಿ ದಿನಕ್ಕೆ ಹಲವು ನಿಮಿಷ ವ್ಯತ್ಯಾಸ ಬರುತ್ತದೆ. — ರೈತರು, ರಾಯಚೂರು ತಾಲ್ಲೂಕು

ಡೀಪ್ ಸ್ಲೀಪ್‌ನಲ್ಲಿ ನಿಖರ ಕ್ಲಾಕ್ ಕೊಡುವ ಮುಖ್ಯ ಕ್ರಿಸ್ಟಲ್ ನಿಲ್ಲುತ್ತದೆ. ಆಗ ಸಮಯ ನೋಡುವುದು ಚಿಪ್‌ನೊಳಗಿನ ಸುಮಾರು 150 ಕಿಲೊಹರ್ಟ್ಸ್‌ನ ಆರ್‌ಸಿ ಆಸಿಲೇಟರ್ (ಕ್ರಿಸ್ಟಲ್ ಇಲ್ಲದೆ ಪಲ್ಸ್ ಹುಟ್ಟಿಸುವ ಸರ್ಕ್ಯೂಟ್). ಬಿಸಿಗೆ ಅದರ ವೇಗ ಬದಲಾಗುತ್ತದೆ. ಒಂದು ಶೇಕಡಾ ತಪ್ಪಿದರೆ ದಿನಕ್ಕೆ 14.4 ನಿಮಿಷ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ, ಅದೂ ತಗಡಿನ ಡಬ್ಬಿಯೊಳಗೆ, ಇದು ಆಗುವಂಥದ್ದೇ.

ಹೊರಗಿನ 32.768 ಕಿಲೊಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಬಹಳ ಸುಧಾರಿಸುತ್ತದೆ. ಆದರೆ ಆ ಕ್ರಿಸ್ಟಲ್ 25 ಡಿಗ್ರಿಯಿಂದ ದೂರ ಹೋದಷ್ಟೂ ನಿಧಾನವಾಗುತ್ತದೆ. ಡಬ್ಬಿಯೊಳಗೆ 55 ಡಿಗ್ರಿ ಇದ್ದರೆ ದಿನವಿಡೀ ಸೇರಿ ಎರಡೂವರೆ ಸೆಕೆಂಡ್ ಹಿಂದೆ ಬೀಳಬಹುದು. ನನ್ನ ಸಲಹೆ ಡಿಎಸ್3231 ಗಡಿಯಾರ ಮಾಡ್ಯೂಲ್. ಅದು ತನ್ನ ಬಿಸಿಯನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ, 40 ಡಿಗ್ರಿ ಮೀರಿದರೂ ತಪ್ಪು ವರ್ಷಕ್ಕೆ ಎರಡು ನಿಮಿಷದೊಳಗೆ. ಅದರ ಅಲಾರಂ ಔಟ್‌ಪುಟ್‌ನಿಂದಲೇ ಇಎಸ್‌ಪಿ32ನ್ನು ಎಬ್ಬಿಸಿ.

ಒಂದು ಎಚ್ಚರಿಕೆ: ಅಗ್ಗದ ನೀಲಿ ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸಣ್ಣ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು. ಡಯೋಡ್ ಪಕ್ಕದ 200 ಓಮ್ ರೆಸಿಸ್ಟರನ್ನು ಕಿತ್ತುಬಿಡಿ. ತ್ರೀ ಫೇಸ್ ಯಾವಾಗ ಬರುತ್ತದೋ ಆಗ ಗಡಿಯಾರ ಓದಿ ಪಂಪ್ ಓಡಿಸಬೇಕೋ ಬೇಡವೋ ನಿರ್ಧರಿಸುವಂತೆ ಪ್ರೋಗ್ರಾಂ ಬರೆಯಿರಿ. ಬರೀ ಅಲಾರಂ ನಂಬಿದರೆ ಕರೆಂಟ್ ತಡವಾಗಿ ಬಂದ ದಿನ ನೀರು ತಪ್ಪುತ್ತದೆ.

ಪ್ರಶ್ನೆ: ಬ್ಲೋವರ್ ಶಾಫ್ಟ್‌ಗೆ ಸುತ್ತಿಗೊಂದು ಪಲ್ಸ್ ಕೊಡುವ ಪ್ರಾಕ್ಸಿಮಿಟಿ ಸೆನ್ಸರ್ ಇದೆ. 16 ಬಿಟ್ ಟೈಮರ್‌ನ ಇನ್‌ಪುಟ್ ಕ್ಯಾಪ್ಚರ್‌ನಲ್ಲಿ (ಪಲ್ಸ್ ಬಂದ ಕ್ಷಣದ ಎಣಿಕೆ ಹಿಡಿದಿಡುವುದು) ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಳೆಯುತ್ತೇವೆ. 1,400ರಲ್ಲಿ ಸರಿ, ವೇಗ ಇಳಿಸಿದರೆ ಏನೇನೋ ತೋರಿಸುತ್ತದೆ. — ನಿರ್ವಹಣಾ ವಿಭಾಗದವರು, ಗಿಣಿಗೇರಿ, ಕೊಪ್ಪಳ ಜಿಲ್ಲೆ

ನಿಮ್ಮ ಟೈಮರ್ ಮೈಕ್ರೊಸೆಕೆಂಡಿಗೊಂದು ಎಣಿಸುತ್ತಿದೆ ಎಂದುಕೊಳ್ಳುತ್ತೇನೆ. 65,536 ಮೈಕ್ರೊಸೆಕೆಂಡಿಗೆ ಅದು ಸುತ್ತಿ ಸೊನ್ನೆಗೆ ಬರುತ್ತದೆ. ಸುಮಾರು 915 ಆರ್‌ಪಿಎಂಗಿಂತ ಕೆಳಗೆ ಒಂದು ಸುತ್ತು ಅದಕ್ಕಿಂತ ದೀರ್ಘ. ಟೈಮರ್ ಒಮ್ಮೆ ಪೂರ್ತಿ ತಿರುಗಿದ್ದು ನಿಮ್ಮ ಕಳೆಯುವ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಸುಲಭದ ದಾರಿ, ಪ್ರಿಸ್ಕೇಲರ್ ಹತ್ತು ಪಟ್ಟು ಹೆಚ್ಚಿಸಿ. 92 ಆರ್‌ಪಿಎಂವರೆಗೆ ಸರಿಯಾಗಿ ಸಿಗುತ್ತದೆ, ಬ್ಲೋವರ್‌ಗೆ ಅಷ್ಟು ಸಾಕು.

ಇನ್ನೂ ಕೆಳಗೆ ಬೇಕಿದ್ದರೆ ಓವರ್‌ಫ್ಲೋ (ಟೈಮರ್ ಸುತ್ತಿ ಸೊನ್ನೆಗೆ ಬರುವುದು) ಇಂಟರಪ್ಟ್‌ನಲ್ಲಿ ಟೈಮರ್‌ನ ಸುತ್ತುಗಳನ್ನು ಎಣಿಸಿ ಮೇಲಿನ 16 ಬಿಟ್ ಆಗಿ ಸೇರಿಸಿ. ಇಲ್ಲಿ ತಪ್ಪುವ ಜಾಗ ಒಂದೇ: ಕ್ಯಾಪ್ಚರ್, ಓವರ್‌ಫ್ಲೋ ಎರಡರ ಫ್ಲ್ಯಾಗೂ ಒಟ್ಟಿಗೆ ಎದ್ದಿದ್ದರೆ ಯಾವುದು ಮೊದಲು? ಹಿಡಿದ ಅಂಕಿ 32,768ಕ್ಕಿಂತ ಚಿಕ್ಕದಾದರೆ ಓವರ್‌ಫ್ಲೋ ಮೊದಲು ಆಗಿದೆ, ಒಂದು ಸೇರಿಸಿ, ದೊಡ್ಡದಾದರೆ ಬೇಡ. ಇದನ್ನು ಬಿಟ್ಟರೆ ಯಾವಾಗಲೋ ಒಮ್ಮೆ ಹುಚ್ಚು ಅಂಕಿ ಕಾಣಿಸಿ ಮಾಯವಾಗುತ್ತದೆ, ಹುಡುಕುವುದು ಬಹಳ ಕಷ್ಟ. ಎರಡು ಸೆಕೆಂಡ್ ಪಲ್ಸ್ ಬಾರದಿದ್ದರೆ ಸೊನ್ನೆ ತೋರಿಸಿ, ಇಲ್ಲವಾದರೆ ನಿಂತ ಬ್ಲೋವರ್ ಹಳೆಯ ವೇಗವನ್ನೇ ತೋರಿಸುತ್ತಿರುತ್ತದೆ. ಅದು ಅಪಾಯ.

ಸೆಕೆಂಡಿನಲ್ಲಿ ಬಂದ ಪಲ್ಸ್ ಎಣಿಸುವ ವಿಧಾನಕ್ಕೆ ಹೋಗಬೇಡಿ. 900 ಆರ್‌ಪಿಎಂಗೆ ಸಿಗುವುದು 15 ಪಲ್ಸ್. ಒಂದು ಹೆಚ್ಚುಕಡಿಮೆಯಾದರೆ 60 ಆರ್‌ಪಿಎಂ ವ್ಯತ್ಯಾಸ.

ಪ್ರಶ್ನೆ: ಆರ್ಡುಯಿನೊದಲ್ಲಿ ಮಾಡಿದ ನೀರು ಬಿಡುವ ಟೈಮರ್ ಒಂದೂವರೆ ತಿಂಗಳಿಗೊಮ್ಮೆ ತಾನಾಗಿ ಕೆಡುತ್ತದೆ. ರೀಸೆಟ್ ಮಾಡಿದರೆ ಸರಿ. — ಓದುಗರು, ಸಿಂಧನೂರು

ಮಿಲಿಸ್ (ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡ್) ಲೆಕ್ಕ 32 ಬಿಟ್, 49.7 ದಿನಕ್ಕೆ ಸೊನ್ನೆಯಾಗುತ್ತದೆ. ‘ಈಗಿನ ಸಮಯ ನಿಗದಿತ ಸಮಯವನ್ನು ದಾಟಿತೇ’ ಎಂದು ಹೋಲಿಸುತ್ತಿದ್ದೀರಿ ಎಂದು ಕಾಣುತ್ತದೆ. ಬದಲಿಗೆ ಈಗಿನದರಿಂದ ಶುರುವಿನ ಸಮಯ ಕಳೆದು, ಬಂದದ್ದನ್ನು ಅವಧಿಯೊಂದಿಗೆ ಹೋಲಿಸಿ. ಎರಡೂ ವೇರಿಯೇಬಲ್ ಅನ್‌ಸೈನ್ಡ್ ಲಾಂಗ್ (ಋಣ ಚಿಹ್ನೆಯಿಲ್ಲದ 32 ಬಿಟ್ ಅಂಕಿ) ಇರಲಿ, ಸುತ್ತಿ ಬಂದರೂ ವ್ಯವಕಲನ ಸರಿಯಾಗಿಯೇ ಬರುತ್ತದೆ. ಸರಿಯಾಯಿತೇ ಎಂದು ತಿಳಿಯಲು 49 ದಿನ ಕಾಯಬೇಕಿಲ್ಲ: ಪರೀಕ್ಷೆಗಾಗಿ ಮಿಲಿಸ್‌ಗೆ 4,29,49,00,000 ಕೂಡಿಸಿ ಬಳಸಿ, ಬೋರ್ಡ್ ಶುರುವಾಗಿ ಸುಮಾರು 67 ಸೆಕೆಂಡಿಗೆ ಲೆಕ್ಕ ಸೊನ್ನೆ ದಾಟುವುದನ್ನು ಕಣ್ಣೆದುರೇ ನೋಡಬಹುದು.