ಗುಟುಕು ನೀರಿಗೂ ಅಪ್ಪ ಕಣ್ಣೀರು ಹಾಕ್ತಾರೆ, ಕರೆಂಟ್ ನಿಲ್ಲಿಸ್ಬಿಡ್ಲಾ?

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮಪ್ಪಂಗೆ 61 ವರ್ಷ, ಅರಸೀಕೆರೆ ಕಡೆ ಹಳ್ಳಿ, ತೆಂಗಿನಕಾಯಿ ಸುಲಿಯೋ ಕೆಲಸ ಮಾಡ್ಕೊಂಡಿದ್ರು, ಬೀಡಿ ಚಟ ಚಿಕ್ಕ ವಯಸ್ಸಿಂದ. ಗಂಟಲು ಕ್ಯಾನ್ಸರ್ ಅಂತ ಗೊತ್ತಾಗಿ ಈಗ ಬೆಂಗಳೂರಲ್ಲಿ ರೂಮ್ ಮಾಡ್ಕೊಂಡು ಕರೆಂಟ್ (ರೇಡಿಯೇಷನ್) ಕೊಡಿಸ್ತಿದೀವಿ. ಒಟ್ಟು 35 ಸಿಟ್ಟಿಂಗ್, 23 ಮುಗ್ದಿದೆ, ವಾರಕ್ಕೊಂದ್ಸಲ ಕೀಮೋನೂ ಇದೆ. ಮೊದಲೆರಡು ವಾರ ಏನೂ ಆಗ್ಲಿಲ್ಲ, ಅಯ್ಯೋ ಇಷ್ಟೇನಾ ಅಂದ್ಕೊಂಡ್ವಿ. ಈಗ ನೋಡಿದ್ರೆ ಬಾಯೆಲ್ಲಾ ಹುಣ್ಣು, ಎಂಜಲು ಅಂಟಂಟಾಗಿ ದಾರದ ಥರ ಬರುತ್ತೆ, ಕುತ್ತಿಗೆ ಚರ್ಮ ಕಪ್ಪಗಾಗಿ ಸುಲೀತಿದೆ. ಒಂದೂಟಕ್ಕೆ ಎರಡು ಮುದ್ದೆ ನುಂಗ್ತಿದ್ದ ಮನುಷ್ಯ ಈಗ ಒಂದ್ ಲೋಟ ಗಂಜಿ ಇಟ್ಕೊಂಡು ಮುಕ್ಕಾಲು ಗಂಟೆ ಕೂತಿರ್ತಾರೆ, ಅಮ್ಮ ಅಳ್ತಾ ಅಳ್ತಾ ಬೈತಾರೆ. ಮೊನ್ನೆ ನಾನೂ ರೇಗ್ಬಿಟ್ಟೆ, ಲೋಟ ತಳ್ಳಿಬಿಟ್ರು, ಗಂಜಿ ಎಲ್ಲಾ ಹಾಸಿಗೆ ಮೇಲೆ. 6 ಕೆಜಿ ಇಳಿದಿದಾರೆ. ಡಾಕ್ಟ್ರು ಮೂಗಿಗೆ ಪೈಪ್ ಹಾಕೋಣ ಅಂದ್ರೆ ಅಪ್ಪ ಕೈ ಮುಗೀತಾರೆ, ಪೈಪ್ ಹಾಕಿದ್ಮೇಲೆ ಮನುಷ್ಯ ಉಳಿಯಲ್ಲ ಅಂತ ಅವರ ಲೆಕ್ಕ. ಮಾರ್ಫಿನ್ ಮಾತ್ರೆ ಬರ್ಕೊಟ್ಟಿದಾರೆ, ಆದ್ರೆ ನಮ್ಮ ಚಿಕ್ಕಪ್ಪ ಅದು ಅಫೀಮು ಕಣ್ರೋ ಕೊಡ್ಬೇಡಿ ಅಂದ್ರು, ಹಾಗೇ ಇಟ್ಟಿದೀವಿ. ಮಾತಾಡಕ್ಕೂ ಆಗಲ್ಲ, ನನ್ನ ಮಗಳ ಸ್ಲೇಟಲ್ಲಿ ಬರೆದು ತೋರಿಸ್ತಾರೆ. ನಿನ್ನೆ ಬರೆದಿದ್ದು: "ಸಾಕು. ಊರಿಗೆ." ಏನ್ ಮಾಡ್ಲಿ ಸಿಸ್ಟರ್?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಮ್ಮಾ, ಇವತ್ತೇ ಆ ಮಾತ್ರೆ ಡಬ್ಬಿ ತೆಗೀರಿ. ಊರಿಗೆ ಹೋಗೋದಾ ಬೇಡ್ವಾ, ಪೈಪ್ ಹಾಕಿಸೋದಾ ಬೇಡ್ವಾ, ಅವೆಲ್ಲ ಆಮೇಲೆ. ಸುಟ್ಟ ಗಾಯದಂಥ ಗಂಟಲು ಇಟ್ಕೊಂಡು, ನೋವಿನ ಔಷಧಿ ಕಪಾಟಲ್ಲಿಟ್ಟು, ಊಟ ಮಾಡಪ್ಪಾ ಅಂದ್ರೆ ಯಾರು ಮಾಡ್ತಾರೆ ಹೇಳಿ. ಸ್ಲೇಟ್ ಮೇಲೆ "ಸಾಕು" ಅಂತ ಬರೆದಿದ್ದು ಅಪ್ಪನೋ ನೋವೋ ಅಂತ ಈಗ ಹೇಳಕ್ಕಾಗಲ್ಲ. ನೋವು ಇಳಿಸಿ ನಾಲ್ಕು ದಿನ ಆದ್ಮೇಲೆ ಅದೇ ಸ್ಲೇಟ್ ಕೊಟ್ಟು ಕೇಳಿ, ಆಗ್ಲೂ ಸಾಕು ಅಂದ್ರೆ ಅದು ಅವರ ಮಾತು, ಡಾಕ್ಟ್ರ ಮುಂದೆ ಕೂರಿಸ್ಕೊಂಡು ಮಾತಾಡ್ಬೇಕು, ನಾನೂ ಒಪ್ತೀನಿ.

ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ, ಮಾರ್ಫಿನ್ ಬರೋದು ಅಫೀಮಿಂದಾನೇ. ಆದ್ರೆ ನೋವಿಗೆ ಅಂತ ಡಾಕ್ಟ್ರು ಲೆಕ್ಕ ಹಾಕಿ ಕೊಟ್ಟಿದ್ದನ್ನ ಹೇಳಿದ ಹಾಗೆ ತಗೊಂಡ್ರೆ ಚಟ ಹತ್ತೋದು ಕಮ್ಮಿ, ಹುಣ್ಣು ವಾಸಿಯಾಗ್ತಾ ಡೋಸ್ ಮೆಲ್ಲಗೆ ಇಳಿಸಿ ನಿಲ್ಲಿಸ್ತಾರೆ. ನೀವಾಗೇ ಥಟ್ಟಂತ ನಿಲ್ಲಿಸ್ಬೇಡಿ, ನೀವಾಗೇ ಜಾಸ್ತಿನೂ ಮಾಡ್ಬೇಡಿ. ನಾನು ವಾರ್ಡಲ್ಲಿದ್ದಾಗ ಈ ಹೆದರಿಕೆ ದಿನಾ ನೋಡಿದೀನಿ, ಮಾತ್ರೆ ದಿಂಬಿನ ಕೆಳಗೆ, ರೋಗಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರೋದು. ನೋವು ಬಂದ್ಮೇಲೆ ಕೊಡೋ ಔಷಧಿ ಅಲ್ಲ ಇದು, ಚೀಟಿಲಿ ನಾಲ್ಕು ಗಂಟೆಗೊಂದು ಅಂತಿದ್ರೆ ಗಡಿಯಾರ ನೋಡ್ಕೊಂಡೇ ಕೊಡ್ಬೇಕು. ಗಂಜಿ ಕುಡಿಸೋದು ಮಾತ್ರೆ ಕೊಟ್ಟು ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಇಟ್ಕೊಳ್ಳಿ, ಆಗ ನುಂಗೋದು ಸ್ವಲ್ಪ ಸಲೀಸು. ಒಂದೇ ಒಂದು ಗ್ಯಾರಂಟಿ ತೊಂದರೆ ಅಂದ್ರೆ ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದ್ಲೇ ಮಲ ಸಡಿಲ ಮಾಡೋ ಸಿರಪ್ ಜೊತೆಗಿರ್ಬೇಕು, ಬರೆದಿಲ್ಲ ಅಂದ್ರೆ ಕೇಳಿ ಬರೆಸ್ಕೊಳ್ಳಿ. ಮೊದಲೆರಡು ಮೂರು ದಿನ ಮಂಪರು, ಹೊಟ್ಟೆ ತೊಳಸೋದು ಇರುತ್ತೆ, ಕಮ್ಮಿಯಾಗುತ್ತೆ. ಆದ್ರೆ ಅಲ್ಲಾಡಿಸಿದ್ರೂ ಏಳ್ದೇ ಇದ್ರೆ, ಉಸಿರು ತೀರಾ ನಿಧಾನ ಆದ್ರೆ ತಕ್ಷಣ ಎಮರ್ಜೆನ್ಸಿಗೆ ಓಡಿ. ಮಾತ್ರೆ ನುಂಗಕ್ಕಾಗಲ್ಲ ಅಂತ ನೀವೇ ಪುಡಿ ಮಾಡ್ಬೇಡಿ, ಕೆಲವು ಮಾತ್ರೆ ನಿಧಾನಕ್ಕೆ ಕರಗೋ ಥರ ಮಾಡಿರ್ತಾರೆ, ಕುಟ್ಟಿದ್ರೆ ಅಷ್ಟೂ ಒಂದೇ ಸಲ ಮೈಗೆ ಹತ್ತುತ್ತೆ. ಮಗು ಇರೋ ಮನೆ, ಬೀಗ ಹಾಕಿಡಿ. ಮತ್ತೆ ಮೆಡಿಕಲ್ ಶಾಪಲ್ಲಿ ಕೇಳಿ ಬೇರೆ ನೋವಿನ ಮಾತ್ರೆ ತರೋದು ಬೇಡ್ವೇ ಬೇಡ. ವಾರದ ಕೀಮೋ ಅಂದ್ರೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್, ಅದೇ ಕಿಡ್ನಿಗೆ ಭಾರ, ಮೇಲಿಂದ ಬ್ರುಫೆನ್ ಥರದ್ದು ಸೇರಿದ್ರೆ ಕಿಡ್ನಿ ಕೈ ಕೊಡುತ್ತೆ. ಕಿವಿಲಿ ಗುಂಯ್ ಅನ್ನುತ್ತೆ ಅಂದ್ರೂ ಮುಂದಿನ ಬಾಟ್ಲಿ ಹಾಕೋಕ್ಕೆ ಮೊದಲೇ ಹೇಳಿ.

ಇನ್ನು ನಿಲ್ಲಿಸೋ ವಿಷಯ. ಉಳಿದಿರೋದು 12 ಸಿಟ್ಟಿಂಗ್, ವಾರಕ್ಕೆ ಐದರ ಲೆಕ್ಕದಲ್ಲಿ ಎರಡೂವರೆ ವಾರ. ಈ ಕರೆಂಟ್ ಅನ್ನೋದು ಆಂಟಿಬಯಾಟಿಕ್ ಕೋರ್ಸ್ ಇದ್ದ ಹಾಗೆ ಅಂತ ಎಲ್ರೂ ಹೇಳ್ತಾರೆ, ಅದಕ್ಕಿಂತಾನೂ ಬಿಗಿ ಇದು, ಮಧ್ಯೆ ಗ್ಯಾಪ್ ಕೊಟ್ರೆ ಉಳ್ಕೊಂಡಿರೋ ಕ್ಯಾನ್ಸರ್ ಕಣಗಳು ಆ ಗ್ಯಾಪಲ್ಲೇ ಬೆಳ್ಕೊಳ್ತವೆ, ಅದಕ್ಕೇ ಮೆಷಿನ್ ಕೆಟ್ಟು ಒಂದು ದಿನ ತಪ್ಪಿದ್ರೂ ಡಾಕ್ಟ್ರು ಅದನ್ನ ಹೆಂಗೆ ಸರಿದೂಗಿಸೋದು ಅಂತ ಲೆಕ್ಕ ಹಾಕ್ತಾರೆ. ಒಂದು ಮಾತು ಮಾತ್ರ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಆಯ್ತು ಅನ್ನಿಸ್ಬಾರ್ದು: 35ನೇದು ಮುಗಿದ ದಿನ ನೋವು ಮುಗಿಯಲ್ಲ. ಅದಾದ್ಮೇಲೂ ಒಂದೆರಡು ವಾರ ಹೀಗೇ, ಕೆಲವ್ರಿಗೆ ಇನ್ನೂ ಜಾಸ್ತಿ. ಆಮೇಲೆ ಇಳಿಯೋಕೆ ಶುರುವಾಗುತ್ತೆ, ಬಾಯಿ ಹುಣ್ಣು ಮಾಯಕ್ಕೆ ಒಂದೂವರೆ ತಿಂಗಳಾದ್ರೂ ಹಿಡೀಬಹುದು, ರುಚಿ ವಾಪಸ್ ಬರೋಕೆ ಇನ್ನೂ ತಿಂಗಳುಗಳು. ಇದನ್ನ ಅಪ್ಪಂಗೂ ಮುಂಚೆನೇ ಹೇಳಿ. ಕೊನೇ ಸಿಟ್ಟಿಂಗ್ ದಿನ ಸ್ವೀಟ್ ಹಂಚಿ ಊರಿಗೆ ಹೋಗಿ, ಮೂರನೇ ದಿನಕ್ಕೆ ಕಾಯಿಲೆ ತಿರುಗಿ ಬಂತು ಅಂತ ಎದೆ ಒಡ್ಕೊಂಡು ವಾಪಸ್ ಬಂದವರನ್ನ ನಾನು ಎಷ್ಟು ಜನನ್ನ ನೋಡಿದೀನೋ.

ಪೈಪಿಗೆ ಬರ್ತೀನಿ. ನಮ್ಮ ವಾರ್ಡಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರಿದ್ರು, ಅವರೂ ಹೀಗೇ ಹತ್ತು ದಿನ ಬೇಡ ಬೇಡ ಅಂದು, ಕೊನೆಗೆ ಹಾಕಿಸ್ಕೊಂಡ್ರು. ಮಾರನೇ ದಿನ ರೌಂಡ್ಸಿಗೆ ಹೋದ್ರೆ ಚೀಟಿಲಿ ಬರೆದು ತೋರಿಸಿದ್ರು, "ಸೊಂಡಿಲು ಬಂದಿದೆ, ಕಡುಬು ತನ್ನಿ". ಇಡೀ ವಾರ್ಡ್ ನಕ್ಕಿತ್ತು. ರೈಲ್ಸ್ ಟ್ಯೂಬ್ (ಇದೇ ಮೂಗಿನ ಪೈಪ್) ಹಾಕೋದು ಸಾಯೋರಿಗೆ ಅಂತ ಅಪ್ಪ ಎಲ್ಲೋ ಐಸಿಯುಲಿ ನೋಡಿರ್ತಾರೆ, ಇಲ್ಲಿ ಹಾಕೋದು ಟ್ರೀಟ್‌ಮೆಂಟ್ ಮುಗಿಸೋಕೆ, ಗಂಟಲು ಮಾಗಿದ್ಮೇಲೆ ಎಳೆದು ತೆಗೀತಾರೆ, ಅಷ್ಟೇ. ತೂಕ ಹೀಗೇ ಇಳೀತಾ ಹೋದ್ರೆ ಇನ್ನೊಂದು ಪಜೀತಿ ಇದೆ, ಕರೆಂಟ್ ಕೊಡುವಾಗ ಮುಖಕ್ಕೆ ಬಿಗೀತಾರಲ್ಲ ಆ ಜಾಲರಿ ಮಾಸ್ಕ್, ಅದು ಲೂಸಾಗುತ್ತೆ, ಹೊಸದಾಗಿ ಅಳತೆ ತೆಗೀಬೇಕಾಗಬಹುದು. ಈಗ್ಲೇ 6 ಕೆಜಿ ಅಂತೀರಿ, ನನ್ನ ಕೇಳಿದ್ರೆ ಇನ್ನು ಕಾಯೋದು ಬೇಡ. ನೀವು ಕರೆಂಟ್ ಕೊಡಿಸ್ತಿರೋ ಆಸ್ಪತ್ರೆಲೇ ಟ್ಯೂಬ್ ಹಾಕ್ಕೊಂಡು ಓಡಾಡೋ ಯಾರ ಹತ್ರನಾದ್ರೂ ಅಪ್ಪನ್ನ ಅರ್ಧ ಗಂಟೆ ಕೂರಿಸಿ, ನೀವು ನೂರು ಸಲ ಹೇಳೋದಕ್ಕಿಂತ ಅದು ಕೆಲಸ ಮಾಡುತ್ತೆ.

ಟ್ಯೂಬ್ ಬಂದ್ರೆ ಮನೆಲಿ ಊಟದ ಜಗಳ ನಿಲ್ಲುತ್ತೆ ನೋಡಿ, ನನಗೆ ಅದೇ ದೊಡ್ಡದು. ಅಮ್ಮ ಬೈತಿರೋದು ಸಿಟ್ಟಿಗಲ್ಲ, ನಲವತ್ತು ವರ್ಷ ಬಡಿಸಿದ ಕೈಗೆ ಈಗ ಕೆಲಸ ಇಲ್ಲ. ಅವರಿಗೇ ವಹಿಸಿ. ರಾಗಿ ಸರಿ, ಬೇಳೆ ಕಟ್ಟು, ಹಾಲು, ಮಜ್ಜಿಗೆ, ಡಯಟೀಷಿಯನ್ ಬರೆದ ಪೌಡರ್, ಎಲ್ಲಾ ತೆಳ್ಳಗೆ ಮಾಡಿ ಬಟ್ಟೆಲಿ ಸೋಸ್ಬೇಕು, ರಾಗಿ ಒಂದು ಗಂಟು ಉಳಿದ್ರೂ ಪೈಪ್ ಕಟ್ಕೊಳ್ಳುತ್ತೆ. ಒಂದು ಸಲಕ್ಕೆ 200 ಎಂಎಲ್ ಆಸುಪಾಸು, ಎರಡೆರಡೂವರೆ ಗಂಟೆಗೊಂದ್ಸಲ, ಅಪ್ಪ ನೆಟ್ಟಗೆ ಕೂತಿರ್ಬೇಕು, ಆಮೇಲೂ ಅರ್ಧ ಗಂಟೆ ಮಲಗಬಾರದು, ಕೊನೆಗೆ ನೀರು ಬಿಟ್ಟು ಪೈಪ್ ತೊಳೀಬೇಕು. ಪ್ರತಿ ಸಲ ಬಿಡೋಕ್ಕೆ ಮೊದಲು ಮೂಗಿನ ಹತ್ರ ಮಾಡಿರೋ ಗುರುತು ಜರುಗಿದ್ಯಾ ನೋಡಿ, ಜರುಗಿದ್ರೆ ಏನೂ ಬಿಡ್ಬೇಡಿ, ಆಸ್ಪತ್ರೆಗೆ ಹೋಗಿ. ಟ್ಯೂಬ್ ಇದೆ ಅಂತ ಬಾಯಿ ಪೂರಾ ಬಂದ್ ಮಾಡೋದೂ ತಪ್ಪು. ಡಾಕ್ಟ್ರು ಸರಿ ಅಂದ್ರೆ ದಿನಕ್ಕೆ ಹತ್ತಾರು ಸಲ ಒಂದೊಂದು ಗುಟುಕು ನೀರು ನುಂಗ್ತಾ ಇರ್ಬೇಕು, ಇಲ್ಲಾಂದ್ರೆ ಗಂಟಲು ನುಂಗೋದನ್ನೇ ಮರೆಯುತ್ತೆ, ಆಮೇಲೆ ಮುದ್ದೆ ಕನಸೇ. ನೀರು ಕುಡಿದ ತಕ್ಷಣ ಕೆಮ್ಮು ಬಂದ್ರೆ ಮಾತ್ರ ನಿಲ್ಲಿಸಿ ಹೇಳಿ, ಅದು ಶ್ವಾಸಕೋಶಕ್ಕೆ ಇಳೀತಿರಬಹುದು.

ಬಾಯಿಗೆ: ಒಂದು ಲೀಟರ್ ಕಾದಾರಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎಚ್ಚರ ಇದ್ದಾಗೆಲ್ಲ ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗೀಬೇಕು, ಆ ದಾರದಂಥ ಎಂಜಲು ಇದರಲ್ಲೇ ಬಿಟ್ಕೊಳ್ಳೋದು. ಟಿವಿಲಿ ಬರೋ ಉರಿಯೋ ಮೌತ್‌ವಾಶ್ ಬೇಡ. ಮಲಗುವಾಗ ಎರಡು ದಿಂಬು, ಪಕ್ಕದಲ್ಲಿ ಒಂದು ಮಗ್. ಬಾಯಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಕಂಡ್ರೆ ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ. ಕುತ್ತಿಗೆಗೆ ಅರಿಶಿನ, ಕೊಬ್ಬರಿ ಎಣ್ಣೆ, ಲೋಳೆಸರ ಅಂತ ಯಾರು ಏನು ತಂದ್ರೂ ಹಚ್ಚಬೇಡಿ, ಬ್ಲೇಡ್ ತಾಗಿಸ್ಬೇಡಿ, ಕಾಲರ್ ಶರ್ಟ್ ಬಿಡಿಸಿ ಹಳೇ ಮೆತ್ತನೆ ಪಂಚೆ ಹೊದೆಸಿ. ಜ್ವರ 100.4 ದಾಟಿದ್ರೆ ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆಗೆ, ಕೀಮೋಲಿ ಬಿಳಿ ರಕ್ತಕಣ ಇಳಿದಿರುತ್ತೆ, ಬೆಳಗಾಗ್ಲಿ ಅನ್ನೋ ಹಾಗಿಲ್ಲ.

ಡೋಸ್ ಸಾಲ್ತಿಲ್ಲ ಅಂದ್ರೆ ನೋವಿನ ವಿಭಾಗ ಅಂತಲೇ ಇರುತ್ತೆ, ಪ್ಯಾಲಿಯೇಟಿವ್ ಕೇರ್ ಅಂತ ಬೋರ್ಡ್ ಹಾಕಿರ್ತಾರೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಲೂ ಇದೆ. ಆ ಹೆಸರು ಕೇಳಿ ಕೈ ಬಿಟ್ರು ಅಂದ್ಕೋಬೇಡಿ, ವಾಸಿಯಾಗೋರಿಗೂ ಅಲ್ಲೇ ನೋವು ಇಳಿಸೋದು. ಮತ್ತೆ ರೇಗಿದ್ದಕ್ಕೆ ಒಂದು ಸಾರಿ ಕೇಳ್ಬಿಡಿ. ಸ್ಲೇಟಲ್ಲೇ ಬರೀರಿ, ಬಾಯಲ್ಲಿ ಹೇಳಕ್ಕೆ ನಮ್ಮ ಕಡೆ ಗಂಡುಮಕ್ಕಳಿಗೆ ಎಲ್ಲಿ ಬರುತ್ತೆ.

ಪ್ರಶ್ನೆ: ನಮ್ಮತ್ತೆಗೆ ಗಂಟಲಿಗೆ ಕರೆಂಟ್ ಕೊಡಿಸಿ ಎಂಟು ತಿಂಗಳಾಯ್ತು, ಕ್ಯಾನ್ಸರ್ ಇಲ್ಲ ಅಂದಿದಾರೆ. ಬಾಯಿ ಒಣಗುತ್ತೆ ಅಂತ ರಾತ್ರಿಯೆಲ್ಲ ನೀರು ಕುಡೀತಾರೆ, ಈಗ ದವಡೆ ಹಲ್ಲು ನೋವು. ಊರಿನ ಡೆಂಟಿಸ್ಟ್ ನಾಳೆ ಕಿತ್ತುಬಿಡೋಣ ಅಂತಿದಾರೆ. ಕೀಳಿಸ್ಬಹುದಾ?
– ಒಬ್ಬ ಸೊಸೆ, ತುಮಕೂರು

ಉತ್ತರ: ನಾಳೆ ಬೇಡಮ್ಮ. ಕರೆಂಟ್ ಬಿದ್ದ ದವಡೆ ಮೂಳೆಗೆ ರಕ್ತ ಸಂಚಾರ ಕಮ್ಮಿ ಇರುತ್ತೆ, ಹಲ್ಲು ಕಿತ್ತ ಗುಂಡಿ ಮಾಯದೇ ಮೂಳೆನೇ ಕೊಳೆಯೋ ಅಪಾಯ ಇದೆ, ಅದು ಎಷ್ಟೋ ವರ್ಷ ಆದ್ರೂ ಹೋಗಲ್ಲ. ಡೆಂಟಿಸ್ಟಿಗೆ ಟ್ರೀಟ್‌ಮೆಂಟ್ ಫೈಲ್ ತೋರಿಸಿ, ರೇಡಿಯೇಷನ್ ಡಾಕ್ಟ್ರ ಹತ್ರ ಮಾತಾಡೋಕೆ ಹೇಳಿ, ಎಷ್ಟೋ ಸಲ ರೂಟ್ ಕೆನಾಲಲ್ಲೇ ಮುಗಿಯುತ್ತೆ. ಎಂಜಲು ಕಮ್ಮಿ ಆದ್ರೆ ಹಲ್ಲು ಬೇಗ ಹುಳುಕಾಗುತ್ತೆ, ಫ್ಲೋರೈಡ್ ಜಾಸ್ತಿ ಇರೋ ಪೇಸ್ಟ್ ಬರೆಸ್ಕೊಳ್ಳಿ. ಅತ್ತೆಗೆ ಸುಸ್ತು, ಚಳಿ ಜಾಸ್ತಿ ಅಂತಿದ್ರೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಕುತ್ತಿಗೆಗೆ ಕರೆಂಟ್ ಕೊಟ್ಟವರಲ್ಲಿ ಥೈರಾಯ್ಡ್ ಇಳಿಯೋದು ಸಾಮಾನ್ಯ, ಏನೂ ಅನ್ನದಿದ್ರೂ ಆರು ತಿಂಗಳಿಗೋ ವರ್ಷಕ್ಕೋ ಒಂದ್ಸಲ ನೋಡಿಸ್ತಾ ಇರಿ.