ಮಗಳ ಹೆಸರಲ್ಲಿ ದುಡ್ಡಿಡುವ ಮುಂಚೆ

ಅಣ್ಣನ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕಿ ಮೂರು ತಿಂಗಳ ಹಿಂದೆ ಅಮೆರಿಕಕ್ಕೆ ಬಂದಿದ್ದೀರಿ, ಮಗಳಿಗೆ ಈಗ ಒಂಬತ್ತನೇ ಗ್ರೇಡು. ಕಾಲೇಜಿನವರು ಫೈನಾನ್ಶಿಯಲ್ ಏಡ್ (ಓದಿನ ಖರ್ಚಿಗೆ ಕೊಡುವ ನೆರವು) ಹೇಗೆ ಲೆಕ್ಕ ಹಾಕುತ್ತಾರೆ, ಊರಿನ ಆಸ್ತಿಯನ್ನೂ ಹೇಳಬೇಕೇ, ಅವಳ ಹೆಸರಿನ ಎಫ್‌ಡಿ ಮುರಿಸಿ ತಂದು ಇಲ್ಲೂ ಅವಳ ಹೆಸರಲ್ಲೇ ಖಾತೆ ಮಾಡಲೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಹೇಳುತ್ತೇನೆ: ಅವಳ ಹೆಸರಲ್ಲಿ ಮಾಮೂಲಿ ಖಾತೆ ದಯವಿಟ್ಟು ಮಾಡಬೇಡಿ. ನಾವು ಬಂದ ಹೊಸದರಲ್ಲಿ ಇದನ್ನು ಹೇಳುವವರು ಇರಲಿಲ್ಲ. ಮಗನ ಹೆಸರಲ್ಲೇ ಕೂಡಿಟ್ಟ ಬೇಸರ ನನಗೆ ಇನ್ನೂ ಹೋಗಿಲ್ಲ.

ಲೆಕ್ಕದ ಬುಡ ಇದು. ಫೀಸು, ವಸತಿ, ಊಟ, ಪುಸ್ತಕ, ಓಡಾಟ ಎಲ್ಲ ಸೇರಿಸಿ ಕಾಲೇಜು ಒಂದು ವರ್ಷದ ಖರ್ಚು ಕಟ್ಟುತ್ತದೆ. ನೀವು ಫಾಫ್ಸಾ, ಅಂದರೆ ಫೆಡರಲ್ (ಕೇಂದ್ರ) ಸರ್ಕಾರದ ನೆರವಿನ ಅರ್ಜಿ ತುಂಬಿದರೆ ಸರ್ಕಾರ ನಿಮ್ಮ ಆದಾಯ, ಆಸ್ತಿ, ಮನೆಯ ಜನರ ಸಂಖ್ಯೆ ನೋಡಿ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಸಂಖ್ಯೆ ಕೊಡುತ್ತದೆ. ಅದು ಮೈನಸ್ 1,500ರವರೆಗೂ ಇಳಿಯಬಹುದು. ಖರ್ಚಿನಲ್ಲಿ ಆ ಸಂಖ್ಯೆ ಕಳೆದರೆ ಉಳಿಯುವುದೇ ನಿಮ್ಮ 'ನೀಡ್'. ಅಷ್ಟನ್ನೂ ತುಂಬಿಕೊಡಬೇಕೆಂಬ ಕಟ್ಟುಪಾಡು ಕಾಲೇಜಿಗೆ ಇಲ್ಲ. ಕೆಲವೇ ಕಾಲೇಜುಗಳು ಪೂರ್ತಿ ತುಂಬುತ್ತವೆ. ಕೊಟ್ಟದ್ದರಲ್ಲೂ ಸಾಲ ಸೇರಿರುತ್ತದೆ. 2025-26ರಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಹೆಚ್ಚೆಂದರೆ 7,395 ಡಾಲರ್, ಅದನ್ನು ತೀರಿಸಬೇಕಾಗಿಲ್ಲ. ಮೊದಲ ವರ್ಷದ 5,500 ಡಾಲರ್‌ವರೆಗಿನ ಫೆಡರಲ್ ಸಾಲವನ್ನು ತೀರಿಸಲೇಬೇಕು. ಕಾಲೇಜಿನಿಂದ ನೆರವಿನ ಪತ್ರ ಬಂದಾಗ ಯಾವುದು ಗ್ರಾಂಟ್, ಯಾವುದು ಸಾಲ ಎಂದು ಗೆರೆ ಹಾಕಿಕೊಂಡು ಓದಿ.

ಈಗ ಎಫ್‌ಡಿ ವಿಷಯ. ಮಗುವಿನ ಹೆಸರಲ್ಲಿ ಇಟ್ಟರೆ ಭದ್ರ ಎಂದು ನಮ್ಮಲ್ಲಿ ಎಲ್ಲರೂ ಇಡುತ್ತೇವೆ. ಈ ಲೆಕ್ಕದಲ್ಲಿ ಅದೇ ಪೆಟ್ಟು. ವಿದ್ಯಾರ್ಥಿಯ ಹೆಸರಿನ ಹಣದಲ್ಲಿ ಶೇ. 20ರಷ್ಟು ಇಂಡೆಕ್ಸ್‌ಗೆ ಸೇರುತ್ತದೆ. ತಂದೆತಾಯಿಯ ಹೆಸರಿನದರಲ್ಲಿ ಹೆಚ್ಚೆಂದರೆ ಶೇ. 5.64. ಅವಳ ಹೆಸರಲ್ಲಿ 30,000 ಡಾಲರ್ ಇದ್ದರೆ ಇಂಡೆಕ್ಸ್ 6,000 ಏರುತ್ತದೆ, ನಿಮ್ಮ ಹೆಸರಲ್ಲಿದ್ದರೆ 1,692 ದಾಟುವುದಿಲ್ಲ. ಅರ್ಜಿ ಪ್ರತಿವರ್ಷ ತುಂಬಬೇಕು, ಉಳಿದ ಹಣದ ಮೇಲೆ ಪ್ರತಿವರ್ಷವೂ ಇದೇ ಲೆಕ್ಕ. ಇಲ್ಲಿ ಯುಟಿಎಂಎ ಖಾತೆಗೆ (ದೊಡ್ಡವರು ಮಗುವಿನ ಪರವಾಗಿ ನೋಡಿಕೊಳ್ಳುವ ಖಾತೆ) ಹಾಕಿದ್ದು ಕಾನೂನಿನಂತೆ ಅವಳದೇ, ಮನಸ್ಸು ಬದಲಿಸಿ ವಾಪಸ್ ನಿಮ್ಮ ಹೆಸರಿಗೆ ಮಾಡಿಕೊಳ್ಳುವಂತಿಲ್ಲ. ಅವಳದೇ ಹಣವನ್ನು ಅವಳ ಕಸ್ಟೋಡಿಯಲ್ 529 ಖಾತೆಗೆ (ಓದಿಗೆಂದೇ ಇರುವ ಉಳಿತಾಯ ಖಾತೆ, ಹಣ ಅವಳದು, ನೋಡಿಕೊಳ್ಳುವವರು ನೀವು) ಹಾಕಿದರೆ ಮಾತ್ರ ಫಾಫ್ಸಾ ಅದನ್ನು ತಂದೆತಾಯಿಯ ಆಸ್ತಿಯ ಸಾಲಿಗೆ ಸೇರಿಸುತ್ತದೆ. ಎಫ್‌ಡಿ ಹಣಕ್ಕೆ ಈ ದಾರಿ ಹಿಡಿಯಿರಿ. ಹೊಸದಾಗಿ ಉಳಿಸುವುದನ್ನು ನಿಮ್ಮ ಹೆಸರಿನ 529ಕ್ಕೆ ಹಾಕಿ. ನಿಮ್ಮ ನಿವೃತ್ತಿಗೆಂದು ಇರುವ 401(ಕೆ), ಐಆರ್‌ಎ ಖಾತೆಗಳಲ್ಲಿ ಕೂಡಿದ ಹಣ ಮತ್ತು ನೀವು ವಾಸವಿರುವ ಮನೆಯನ್ನು ಫಾಫ್ಸಾ ಕೇಳುವುದೇ ಇಲ್ಲ.

ಇದನ್ನೆಲ್ಲ ಯಾವಾಗ ಮಾಡುತ್ತೀರಿ ಎಂಬುದೂ ಮುಖ್ಯ. ಆಸ್ತಿಯನ್ನು ಅರ್ಜಿ ಹಾಕುವ ದಿನಕ್ಕೆ ಲೆಕ್ಕ ಹಿಡಿಯುತ್ತಾರೆ, ಆದಾಯ ಮಾತ್ರ ಎರಡು ವರ್ಷ ಹಿಂದಿನದು: 2026-27ಕ್ಕೆ 2024ರದ್ದು. ಅಂದರೆ ಮೊದಲ ಅರ್ಜಿಗೆ, ನಿಮ್ಮ ಮಗಳು ಹತ್ತನೇ ಗ್ರೇಡಿನಲ್ಲಿರುವಾಗ ಬರುವ ಜನವರಿಯಿಂದ ಆ ಡಿಸೆಂಬರ್‌ವರೆಗಿನ ಆದಾಯ. ಊರಿನ ಸೈಟು ಮಾರುವುದಿದ್ದರೆ, ಎಫ್‌ಡಿ ಮುರಿಸುವುದಿದ್ದರೆ ಆ ಜನವರಿಗೆ ಮುಂಚೆಯೇ ಮುಗಿಸಿ. ಇಲ್ಲದಿದ್ದರೆ ಒಂದೇ ಸಲ ಬಂದ ಲಾಭ ನಿಮ್ಮ ಮಾಮೂಲಿ ಸಂಪಾದನೆಯ ಹಾಗೆ ಕಾಣುತ್ತದೆ.

ಊರಿನ ಆಸ್ತಿ ಹೇಳಲೇಬೇಕು. ಸೈಟು, ಬಾಡಿಗೆ ಮನೆ, ಎಫ್‌ಡಿ, ಅಲ್ಲಿನ ಬಾಡಿಗೆ, ಬಡ್ಡಿ, ಎಲ್ಲವೂ. ಅಪ್ಪ ಅಮ್ಮ ಇರುವ ಮನೆಯ ಪತ್ರದಲ್ಲಿ ನಿಮ್ಮ ಹೆಸರಿದ್ದರೆ ನಿಮ್ಮ ಪಾಲಿನ ಬೆಲೆಯಲ್ಲಿ ಸಾಲ ಕಳೆದು ತೋರಿಸಬೇಕು. ಅಷ್ಟು ದೂರದ್ದು ಯಾರಿಗೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗೊತ್ತಿದ್ದೂ ಸುಳ್ಳು ಬರೆದರೆ 20,000 ಡಾಲರ್‌ವರೆಗೆ ದಂಡವಿದೆ, ಜೈಲೂ ಆಗಬಹುದು.

ಇನ್ನು ತಂದೆತಾಯಿಗೆ ತಿಂಗಳಾ ತಿಂಗಳಾ ಕಳಿಸುವ ದುಡ್ಡು. ಅದನ್ನು ಈ ಲೆಕ್ಕದಲ್ಲಿ ಕಳೆಯುವುದಿಲ್ಲ, ನಿಮ್ಮ ಜೊತೆ ವಾಸವಿಲ್ಲದ ಅವರನ್ನು ಮನೆಯ ಜನರೆಂದೂ ಎಣಿಸುವುದಿಲ್ಲ. ನನ್ನನ್ನು ಕೇಳಿದರೆ ಈ ಪದ್ಧತಿಯಲ್ಲಿ ಮನಸ್ಸಿಗೆ ಅತಿ ಹೆಚ್ಚು ನೋವಾಗುವ ಜಾಗ ಇದೇ. ಹಾಗೆಂದು ಕಳಿಸುವುದನ್ನು ನಿಲ್ಲಿಸಬೇಡಿ. ಬ್ಯಾಂಕ್ ರಸೀದಿಗಳನ್ನು ಜೋಪಾನ ಮಾಡಿ. ಫಾಫ್ಸಾ ಅಲ್ಲದೆ ಹಲವು ಖಾಸಗಿ ಕಾಲೇಜುಗಳು ಕೇಳುವ ಇನ್ನೊಂದು ಅರ್ಜಿಯಾದ ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ ವಿಶೇಷ ಪರಿಸ್ಥಿತಿ ಬರೆಯಲು ಜಾಗವಿದೆ, ಅಲ್ಲಿ ಮೊತ್ತ ಸಮೇತ ಬರೆಯಿರಿ. ಅದೇ ಪ್ರೊಫೈಲ್ ನೀವಿರುವ ಸ್ವಂತ ಮನೆಯ ಬೆಲೆಯನ್ನೂ ಕೇಳುತ್ತದೆ ಎಂಬುದು ನೆನಪಿರಲಿ.

ನಡುವೆ ಕೆಲಸ ಹೋದರೆ, ಆಸ್ಪತ್ರೆ ಖರ್ಚು ಬಂದರೆ ಕಾಲೇಜಿನ ಏಡ್ ಆಫೀಸಿಗೆ ದಾಖಲೆ ಸಹಿತ ಪತ್ರ ಬರೆದು 'ಪ್ರೊಫೆಷನಲ್ ಜಡ್ಜ್‌ಮೆಂಟ್' ಕೇಳಿ. ಹಳೆಯ ಆದಾಯದ ಬದಲು ಈಗಿನದನ್ನು ಹಿಡಿಯುವ ಅಧಿಕಾರ ಅವರಿಗಿದೆ. ಕೈಚಾಚಿದ ಹಾಗಾಗುತ್ತದೆ ಎಂದು ನಮ್ಮವರು ಸಂಕೋಚಪಡುತ್ತಾರೆ. ಕೇಳದೆ ಅವರಾಗಿಯೇ ಮಾಡಿಕೊಡುವುದಿಲ್ಲ.

ಕೆಲಸದ ವೀಸಾದವರ ಜೊತೆ ಎಚ್-4 ವೀಸಾದಲ್ಲಿ ಬಂದ ಮಕ್ಕಳಿಗೆ ಫೆಡರಲ್ ನೆರವಿಲ್ಲ, ಗ್ರೀನ್ ಕಾರ್ಡ್ ಇರುವ ನಿಮ್ಮ ಮಗಳಿಗೆ ಇದೆ. ಫಾಫ್ಸಾ ಅರ್ಜಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ರಾಜ್ಯದ ಮತ್ತು ಕಾಲೇಜಿನ ಗಡುವು ಬೇರೆ ಬೇರೆ. ಅವಳಿಗೂ ಅರ್ಜಿಯಲ್ಲಿ ಸೇರುವ ತಂದೆತಾಯಿಗೂ ಅರ್ಜಿಗೆ ಲಾಗಿನ್ ಆಗಲು ತಂತಮ್ಮ ಎಫ್‌ಎಸ್‌ಎ ಐಡಿ ಬೇಕು, ತೆರಿಗೆ ಮಾಹಿತಿ ಪಡೆಯಲು ಎಲ್ಲರೂ ಒಪ್ಪಿಗೆ ಕೊಡಬೇಕು. ಒಬ್ಬರು ಕೊಡದಿದ್ದರೂ ಫೆಡರಲ್ ನೆರವು ನಿಲ್ಲುತ್ತದೆ. ಹೆಸರು ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿದ್ದ ಹಾಗೇ ಇರಬೇಕು. ನಮ್ಮ ಇನಿಶಿಯಲ್ಲು ಒಂದು ಕಡೆ ಅಪ್ಪನ ಹೆಸರಾಗಿ, ಇನ್ನೊಂದು ಕಡೆ ಊರ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಐಡಿ ತಾಳೆಯಾಗದೆ ನಿಲ್ಲುವುದು ಅಲ್ಲೇ. ಮೂವರ ಕಾರ್ಡನ್ನೂ ಪಾಸ್‌ಪೋರ್ಟಿನ ಪಕ್ಕ ಇಟ್ಟು ಈಗಲೇ ನೋಡಿಬಿಡಿ.